ರೆಡ್‌ವುಡ್ ಬನದ ಒರಳುಕಲ್ಲು

ಲಾಸ್ ಗ್ಯಾಟೋಸಿನ ಗುಡ್ಡ

ಸ್ಯಾನ್ ಫ್ರಾನ್ಸಿಸ್ಕೋ ಕಡೆ ಹೋಗಿ ಬಂದವರೆಲ್ಲ ಅಲ್ಲಿನ ದೊಡ್ಡ ಕೆಂಪು ಸೇತುವೆಯ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರವೂ ಒಂದು ಉಂಟು. ಅದರಲ್ಲಿ ಸೇತುವೆ ಕಾಣುವುದಿಲ್ಲ, ಬರೀ ಮಂಜು. ಮಂಜಿನ ಮುಂದೆ ತಂಗಿಯ ಸ್ವೆಟರು ಹಾಕಿಕೊಂಡು ನಡುಗುತ್ತಿರುವ ನಾನು. ಆದ್ದರಿಂದ ಸೇತುವೆಯ ವಿಷಯ ಬಿಡುವ. ನಾನು ಹೇಳಬೇಕೆಂದಿರುವುದು ಒಂದು ಕಲ್ಲಿನ ವಿಷಯ.

ಉಡುಪಿಯಲ್ಲಿ ಬ್ಯಾಂಕಿನ ಕ್ಯಾಶ್ ಕೌಂಟರಿನ ಹಿಂದೆ ಅರ್ಧ ಆಯುಷ್ಯ ಕಳೆದು ನಿವೃತ್ತಳಾದವಳು ನಾನು. ಕೌಂಟರಿನ ಹಿಂದೆ ಕೂತವರಿಗೆ ಒಂದು ಗುಣ ಬರುತ್ತದೆ. ಎದುರಿಗಿದ್ದವರು ಅತ್ತರೂ ನಕ್ಕರೂ ಮುಖ ಬದಲಾಗುವುದಿಲ್ಲ. ಆ ಗುಣವನ್ನು ಹೊತ್ತುಕೊಂಡೇ ತಂಗಿ ಶಶಿಯ ಮನೆಗೆ ಹೋದೆ. ಅವಳೂ ಗಂಡ ರಘುರಾಮನೂ ಆಗ ಲಾಸ್ ಗ್ಯಾಟೋಸ್ ಎಂಬ ಊರಿನ ಮೇಲಿನ ಗುಡ್ಡದಲ್ಲಿದ್ದರು. ಅದು ಡಾಟ್ ಕಾಮಿನ ಕಾಲ. ತಲೆಕೂದಲು ಕತ್ತರಿಸುವವನೂ ಶೇರಿನ ಮಾತೇ ಆಡುತ್ತಿದ್ದ. ರಘು ಚಿಪ್ ಡಿಸೈನು ಮಾಡುತ್ತಿದ್ದ ಸಣ್ಣ ಕಂಪನಿಯನ್ನು ದೊಡ್ಡದೊಂದು ನುಂಗಿತ್ತು. ನುಂಗುವಾಗ ಒಳಗಿದ್ದವರ ಕೈಗೂ ಏನೋ ಸ್ವಲ್ಪ ಸಿಕ್ಕಿತ್ತು. ಆ ಸ್ವಲ್ಪದಲ್ಲಿ ಈ ಮನೆ ಬಂತು. ಮಾರಿದವಳು ಗಂಡ ಸತ್ತ ಒಬ್ಬ ಮುದುಕಿ. ಮಗಳಿದ್ದ ಊರಿಗೆ ಹೋಗಿಬಿಟ್ಟಿದ್ದಳು. ಮನೆಯ ಜೊತೆಗೆ ಹಿಂದಿನ ಇಳಿಜಾರಿನ ರೆಡ್‌ವುಡ್ ಮರಗಳೂ ಇವರ ಪಾಲಿಗೆ ಬಂದವು.

ಮೊದಲ ಬೆಳಿಗ್ಗೆ ಎದ್ದರೆ ಹಿತ್ತಿಲಿನಲ್ಲಿ ಮಳೆ ಹನಿಯುವ ಸದ್ದು. ಹೊರಗೆ ಬಂದು ನೋಡಿದರೆ ಅಂಗಳ ಒಣಗಿತ್ತು. ಮರಗಳ ಅಡಿಯಲ್ಲಿ ಮಾತ್ರ ಟಪಟಪ.

"ಸಮುದ್ರದಿಂದ ಬರುವ ಮಂಜನ್ನು ಈ ಮರಗಳು ಎಲೆಯಲ್ಲೇ ಹಿಡೀತಾವೆ ಅಕ್ಕ," ಎಂದ ರಘು. "ಬೇಸಗೆಯಲ್ಲಿ ಈ ಕಾಡಿಗೆ ಇದೇ ಮಳೆ. ಇದು ತಂಪು ಸೀಮೆಯ ಮಳೆಕಾಡು."

ನಮ್ಮ ಕಡೆಯ ಆಟಿ ತಿಂಗಳ ಜಡಿಮಳೆ ಕಂಡವಳಿಗೆ ಇದನ್ನು ಮಳೆ ಎಂದು ಕರೆಯಲು ಬಾಯಿ ಬರಲಿಲ್ಲ. ಆದರೆ ಮರಗಳನ್ನು ಮರ ಎಂದು ಒಪ್ಪಲೇಬೇಕಾಯಿತು. ತುದಿ ನೋಡಲು ಹೋಗಿ ಕತ್ತು ಉಳುಕಿ, ಎರಡು ದಿನ ಶಶಿಯಿಂದ ಎಣ್ಣೆ ತಿಕ್ಕಿಸಿಕೊಂಡೆ.

ಆ ಮರಗಳ ನಡುವೆ, ತೊರೆಯ ಪಕ್ಕದಲ್ಲಿ, ಎರಡು ಮಂಚದಷ್ಟು ಅಗಲದ ಒಂದು ಹಾಸುಗಲ್ಲು. ಅದರ ಮೇಲೆ ಅಲ್ಲಲ್ಲಿ ದುಂಡನೆಯ ಗುಂಡಿಗಳು. ಒಂದಕ್ಕೆ ಕೈ ಹಾಕಿದೆ. ಒಳಗೆ ಅಜ್ಜಿಯ ಕಾಲದ ಒರಳಿನ ನುಣುಪು.

"ಇಲ್ಲಿ ಯಾರೋ ಕುಟ್ಟಿದ್ದಾರೆ ರಘು," ಎಂದೆ.

"ಇಲ್ಲ ಅಕ್ಕ, ನ್ಯಾಚುರಲ್ ಅಂತ ಕಾಂಟ್ರಾಕ್ಟರು ಹೇಳಿದ್ದಾನೆ. ಬರುವ ಎರಡು ವಾರ ಬಿಟ್ಟು ಮುಂದಿನ ಸೋಮವಾರ ಒಡೆಯುವುದು. ಇಲ್ಲೊಂದು ಗೆಸ್ಟ್ ಕಾಟೇಜು ಬರ್ತದೆ, ನಿಮ್ಮಂಥವರಿಗೇ."

ನನ್ನಂಥವಳಿಗಾಗಿ ಕಲ್ಲು ಒಡೆಯುವುದು ಬೇಡ ಎನ್ನಬಹುದಿತ್ತು. ಆದರೆ ನೆಂಟರ ಮನೆಯಲ್ಲಿ ಬಾಯಿ ಇರುವುದು ಊಟಕ್ಕೆ. ಸುಮ್ಮನಾದೆ.

ಮೆನ್ಲೋ ಪಾರ್ಕಿನ ಊಟ

ಭಾನುವಾರ ಮೆನ್ಲೋ ಪಾರ್ಕಿನಲ್ಲಿ ರಘುವಿನ ಗೆಳೆಯರೊಬ್ಬರ ಅಪಾರ್ಟ್‌ಮೆಂಟಿನಲ್ಲಿ ಊಟ. ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಪಾತ್ರೆ ತರುವುದು ಅಲ್ಲಿನ ಪದ್ಧತಿ. ಮೊದಲೇ ಮಾತಾಡಿಕೊಳ್ಳದ ಕಾರಣ ಮೂರು ಪಾತ್ರೆ ಬಿಸಿಬೇಳೆಬಾತು ಬಂದಿತ್ತು, ಮೊಸರು ಯಾರೂ ತಂದಿರಲಿಲ್ಲ. ಮಂಡ್ಯದವರು, ಹಾಸನದವರು, ನಮ್ಮ ಕಡೆಯವರು, ಎಲ್ಲ ಇದ್ದರು. ಶೇರು ಇಳಿಯುತ್ತಿದೆ ಎಂಬ ಮಾತು ಮುಗಿದ ಮೇಲೆ ಊರಿನ ಮಾತು ಬಂತು.

ರಘುವಿಗೆ ಊರಿನ ಮಾತೆಂದರೆ ಒಂದೇ ಕಥೆ, ಅವನ ಮನೆತನದ ಮೂಲನಾಗನದು. ಘಟ್ಟದ ಮೇಲಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಒಂದು ಮನೆತನ ಮೊದಲು ನೆಲೆಸಿದ ಜಾಗದಲ್ಲಿ ನಾಗನ ಕಲ್ಲಿರುತ್ತದೆ, ಸುತ್ತ ಒಂದು ಬನ ಇರುತ್ತದೆ. ಜಾಗ ಹತ್ತು ಕೈ ದಾಟಿ ಯಾರದ್ದೋ ಆಗಿರಬಹುದು. ಆದರೂ ವರ್ಷಕ್ಕೊಮ್ಮೆ ಮನೆತನದವರು ಎಲ್ಲಿಂದಾದರೂ ಬಂದು ಆ ಕಲ್ಲಿಗೆ ಹಾಲು, ಎಳನೀರು ಎರೆಯಬೇಕು. ಜಾಗ ಕೊಂಡವರು ಬೇಡ ಅನ್ನುವ ಹಾಗಿಲ್ಲ. ಹಾಗಂತ ಯಾವ ದಸ್ತಾವೇಜಿನಲ್ಲೂ ಇಲ್ಲ, ಆದರೆ ಎಲ್ಲರಿಗೂ ಗೊತ್ತುಂಟು.

ರಘುವಿನವರ ನಾಗ ಇದ್ದದ್ದು ಕಾರ್ಕಳದ ಕಡೆ, ಬೆನ್ನಿಬಾಯಿ ಎಂಬ ಕ್ರಿಶ್ಚಿಯನ್ ಹೆಂಗಸಿನ ತೋಟದಲ್ಲಿ. ಇವರು ಹಾಲು ಎರೆದು ಹೊರಡುವಾಗ ಪ್ರತಿ ವರ್ಷವೂ ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಮಾತು ಒಂದೇ: "ಮುಂದಿನ ವರ್ಷವೂ ಬನ್ನಿ. ನಾಯಿ ಕಟ್ಟಿರ್ತೇನೆ." ಬರುವ ದಿನ ನಾಯಿಯನ್ನು ನಿಜವಾಗಿಯೂ ಕಟ್ಟಿ, ಬಾವಿಯಿಂದ ಒಂದು ಕೊಡ ನೀರು ಸೇದಿ ಜಗಲಿಯಲ್ಲಿ ಇಟ್ಟಿರುತ್ತಿದ್ದಳು.

"ಈಗ ಬೆನ್ನಿಬಾಯಿ ಸತ್ತುಹೋದ್ರು," ಎಂದ ರಘು, ಎಲ್ಲರಿಗೂ ಕೇಳುವ ಹಾಗೆ. "ತಗೊಂಡವನು ಮುಂಬೈ ಪಾರ್ಟಿ. ಕಂಪೌಂಡು ಕಟ್ಟಿದ್ದಾನೆ. ಕಳೆದ ಸಲ ಹೋದ್ರೆ ವಾಚ್‌ಮನ್ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ ಹೆಸರು ಬರೆಸಿದ ಮಾರಾಯ್ರೆ. ನಮ್ಮ ನಾಗನ ಹತ್ರ ಹೋಗ್ಲಿಕ್ಕೆ ನಾನು ಯಾರ ಅಪ್ಪಣೆ ಕೇಳ್ಬೇಕು?"

ಹಾಸನದವರು ಕೂಡ ಹೌದೌದು ಎಂದರು. ನನಗೂ ಸಿಟ್ಟು ಬಂತು. ಬಿಸಿಬೇಳೆಬಾತು ಇನ್ನೊಂದು ಸೌಟು ಹಾಕಿಸಿಕೊಂಡೆ.

ಎರಡು ಪರ್ಸೆಂಟ್ ಹಾಲು

ಸೋಮವಾರ ರಘು ಆಫೀಸಿಗೆ ಹೋದದ್ದೇ ಶಶಿ ಬಾಗಿಲು ಹಾಕಿ ನನ್ನ ಪಕ್ಕ ಬಂದು ಕೂತಳು.

"ಅಕ್ಕ, ಆ ಕಲ್ಲಿನ ಮೇಲೆ ನಾನು ಹಾವು ನೋಡಿದ್ದೇನೆ. ಒಂದು ಸಲ ಅಲ್ಲ."

"ಕಾಡಲ್ಲಿ ಹಾವು ಇರದೆ ಮೊಸಳೆ ಇರ್ತದಾ ಮಾರಾಯ್ತಿ?"

"ತಮಾಷೆ ಬೇಡ. ಬನದೊಳಗೆ ಕಲ್ಲು, ಕಲ್ಲಿನ ಮೇಲೆ ಹಾವು. ಅದನ್ನು ಒಡೆದು ಕಾಟೇಜು ಕಟ್ತಾರಂತೆ. ಇವರಿಗೆ ಹೇಳಿದ್ರೆ ಅಮೆರಿಕದಲ್ಲಿ ಎಂಥ ನಾಗ ಅಂತ ನಗ್ತಾರೆ. ಹಾಲೆರೆದು ಒಂದು ತಂಬಿಲವಾದರೂ ಮಾಡಿಬಿಡುವ."

ನನಗೆ ನಂಬಿಕೆ ಇತ್ತೋ ಇಲ್ಲವೋ, ತಂಗಿಯ ಮುಖ ಬಾಡಿತ್ತು. ನಡಿ ಎಂದೆ. ಹಾಲು ಗ್ಯಾಲನ್ ಡಬ್ಬದ್ದು, ಅದರ ಮೇಲೆ ಎರಡು ಪರ್ಸೆಂಟ್ ಕೊಬ್ಬು ಎಂದು ಬರೆದಿತ್ತು. ಇಲ್ಲಿನ ನಾಗನಿಗೂ ಕೊಲೆಸ್ಟರಾಲಿನ ಹೆದರಿಕೆ ಇರಬೇಕು. ಎಳನೀರು ತಗಡಿನ ಡಬ್ಬಿಯದು. ಅಡಿಕೆಯ ಹೂ, ಹಿಂಗಾರ, ಎಲ್ಲಿಂದ ಬರಬೇಕು? ಅರಿಶಿನ ಮಾತ್ರ ಧಾರಾಳ ಇತ್ತು. ಇದ್ದುದರಲ್ಲಿ ಕಲ್ಲಿಗೆಲ್ಲ ಅರಿಶಿನ ಹಚ್ಚಿ, ಗುಂಡಿಗಳ ತುಂಬ ಹಾಲು ಎರೆದು ಕೈಮುಗಿದೆವು. ಶಶಿಯ ಮುಖಕ್ಕೆ ಸ್ವಲ್ಪ ಕಳೆ ಬಂತು.

ವಾಪಸು ಹತ್ತುವಾಗ ಕಾಲು ಜಾರಿತು. ಕೈಗೆ ಸಿಕ್ಕಿದ ಗಿಡವನ್ನು ಹಿಡಿದುಕೊಂಡೆ. ಮೂರೆಲೆಯ, ಕೆಂಪಗೆ ಹೊಳೆಯುವ ಚಂದದ ಗಿಡ. ಮರುದಿನ ಎರಡೂ ಕೈ ಊದಿ ಗುಳ್ಳೆ ಎದ್ದವು. ನಮ್ಮ ಚೇರೆ ಮರದ ಸೊನೆ ತಾಗಿದರೆ ಆಗುವುದು ಹೀಗೆಯೇ. ಶಶಿ ಇದು ನಾಗನ ಸೂಚನೆ ಎಂದಳು. ರಘು ಇದಕ್ಕೆ ಪಾಯ್ಸನ್ ಓಕ್ ಅಂತಾರೆ ಎಂದ. ನಾನು ತುರಿಸಿಕೊಳ್ಳುತ್ತಾ ಇಬ್ಬರಿಗೂ ಹೂಂಗುಟ್ಟಿದೆ.

ರೋಸ ಬಂದದ್ದು

ಶನಿವಾರ ಬೆಳಿಗ್ಗೆ ಗೇಟಿನ ಗಂಟೆ ಬಾರಿಸಿದ ಸದ್ದಾಯಿತು. ಹಳೆಯ ಪಿಕಪ್ ಗಾಡಿಯಿಂದ ಇಳಿದು ನಿಂತಿದ್ದವಳು ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ಗಿಡ್ಡ ದೇಹ, ಬಿಳಿ ಜಡೆ, ಸೊಂಟಕ್ಕೆ ಆನಿಸಿದ ಬುಟ್ಟಿ. ಮೈಬಣ್ಣ ನೋಡಿ ನಮ್ಮವಳೇ ಯಾರೋ ಎಂದುಕೊಂಡೆ.

ಹೆಸರು ರೋಸ ಎಂದಳು. ಈ ಮನೆಯ ಹಿಂದಿನ ಒಡತಿ ತನಗಾಗಿ ಪ್ರತಿ ವರ್ಷ ಎಲೆ ಉದುರುವ ಕಾಲಕ್ಕೆ ಗೇಟು ತೆರೆದಿಡುತ್ತಿದ್ದಳು, ಕೆಳಗಿನ ಕಲ್ಲಿನ ಮೇಲೆ ಓಕ್ ಕಾಯಿ ಕುಟ್ಟಲು ಬಂದಿದ್ದೇನೆ ಎಂದಳು. ರಘುವಿಗೆ ನೆನಪಾಯಿತು. ಮನೆ ಕೊಡುವಾಗ ಮುದುಕಿ ಯಾರೋ ಬರುತ್ತಾಳೆ, ಕಾಯಿ, ಕಲ್ಲು ಎಂದೇನೋ ಹೇಳಿದ್ದಳು. ವಯಸ್ಸಾದವರ ಮಾತು ಎಂದು ಇವನು ತಲೆಯಾಡಿಸಿದ್ದ.

ನಾವು ನಾಲ್ಕೂ ಜನ ಕೆಳಗೆ ಇಳಿದೆವು. ಹತ್ತಿರ ಹೋಗುವ ಮೊದಲೇ ವಾಸನೆ ಬಂತು. ಗುಂಡಿಗಳಲ್ಲಿ ಹಾಲು ಒಡೆದು, ಹುಳಿತು, ಮೇಲೆ ಇರುವೆ ತೇಲುತ್ತಿದ್ದವು. ಯಾವುದೋ ಪ್ರಾಣಿ ಬಂದು ಅರಿಶಿನದಲ್ಲಿ ಹೊರಳಾಡಿ ಹೋಗಿತ್ತು. ರೋಸ ಬುಟ್ಟಿ ಕೆಳಗಿಟ್ಟು ತುಂಬ ಹೊತ್ತು ನೋಡಿದಳು.

"ಕಲ್ಲಿಗೆ ಊಟ ಹಾಕಿದ್ದು ಯಾರು?" ಎಂದಳು.

ನಾನು ಗುಳ್ಳೆ ತುಂಬಿದ ಕೈ ಎತ್ತಿದೆ, ಶಾಲೆಯಲ್ಲಿ ಎತ್ತುವ ಹಾಗೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಅವಳು ಬೈಯಲಿಲ್ಲ. ಇದರಲ್ಲಿ ಈಗ ಕುಟ್ಟಿದರೆ ಹಿಟ್ಟು ಹಾಳಾಗುತ್ತದೆ ಎಂದಷ್ಟೇ ಹೇಳಿದಳು. ರಘು ಗಂಟಲು ಸರಿಮಾಡಿಕೊಂಡ. ಕಲ್ಲು ಹೇಗೂ ಹೋಗುವುದಿದೆ, ಒಂಬತ್ತು ದಿನ ಬಿಟ್ಟು ಯಂತ್ರ ಬರುತ್ತದೆ, ಅಷ್ಟರೊಳಗೆ ಬೇಕಾದರೆ ಒಂದು ಸಲ ಬಂದು ಹೋಗಿ ಎಂದ. ಹೊರಗಿನವರು ಬಿದ್ದು ಕಾಲು ಮುರಿದುಕೊಂಡರೆ ತನ್ನ ಮೇಲೆ ಕೇಸು ಬೀಳುತ್ತದೆ, ವಕೀಲರು ಹೇಳಿದ್ದಾರೆ ಎಂದೂ ಸೇರಿಸಿದ. ಒರಟಾಗಿ ಹೇಳಲಿಲ್ಲ. ಅವನು ಒರಟನಲ್ಲ.

"ನಾನು ಇಲ್ಲಿ ಬಿದ್ದದ್ದು ಒಂದೇ ಸಲ," ಎಂದಳು ರೋಸ. "ಆಗ ನಡೆಯಲು ಕಲಿಯುತ್ತಿದ್ದೆ."

ಹೊರಡುವಾಗ ನನ್ನ ಕೈ ನೋಡಿದಳು. ಒಂದು ಚೀಟಿಯಲ್ಲಿ ವಿಳಾಸ ಗೀಚಿ ಶಶಿಗೆ ಕೊಟ್ಟು, ನಾಳೆ ಈಕೆಯನ್ನು ಕರೆದುಕೊಂಡು ಬಾ ಎಂದಳು.

ಮಾರ್ಗನ್ ಹಿಲ್

ಶಶಿ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. "ಇನ್ನೊಬ್ಬರ ಬನ ಅಶುದ್ಧ ಮಾಡಿದೆವು ಅಕ್ಕ. ಇದಕ್ಕೆ ಯಾವ ಪ್ರಾಯಶ್ಚಿತ್ತ?" ಎಂದು ಒಂದೇ ಗೋಳು. ನಮ್ಮ ಭಟ್ಟರ ಪುಸ್ತಕದಲ್ಲಿ ಇದಕ್ಕೆ ಪುಟ ಇರಲಾರದು.

ಮರುದಿನ ಫ್ರೀವೇ ಹಿಡಿದು ದಕ್ಷಿಣಕ್ಕೆ ಹೋದೆವು. ಮಾರ್ಗನ್ ಹಿಲ್ ಆಗ ಹೊಸ ಮನೆಗಳು ಸಾಲಾಗಿ ಏಳುತ್ತಿದ್ದ ಊರು. ರೋಸಳದ್ದು ಹಳೆಯ ಸಣ್ಣ ಮನೆ. ಬಾಗಿಲ ಬಳಿಯ ಗಿಡದಿಂದ ಎಲೆ ಕಿತ್ತು ಅರೆದು ನನ್ನ ಕೈಗೆ ಹಚ್ಚಿದಳು. ಆ ವಾಸನೆಗೆ ನಾನು ಬೆಚ್ಚಿದೆ. ಮಾಚಿಪತ್ರೆ. ದೇವರಿಗೆ ಏರಿಸುವ ಮಾಚಿಪತ್ರೆಯ ಅಕ್ಕನೋ ತಂಗಿಯೋ ಇರಬೇಕು. ತುರಿಕೆ ಸಂಜೆಗೆ ಇಳಿಯಿತು. ಆ ದೇಶಕ್ಕೆ ಹೋದ ಮೇಲೆ ಮೊದಲ ಬಾರಿ ನನಗೆ ಮನೆಯೊಳಗೆ ಇದ್ದೇನೆ ಅನ್ನಿಸಿದ್ದು ಆ ಅಡುಗೆಮನೆಯಲ್ಲಿ.

ಅವಳ ಜನ ಓಲೋನಿಗಳು, ಅಲ್ಲಿನ ಮೂಲನಿವಾಸಿಗಳು. ಸ್ಪೇನಿನವರು ಬಂದು ಮಿಶನ್ ಎಂಬ ಚರ್ಚಿನ ಆವರಣ ಕಟ್ಟಿ ಅದರೊಳಗೆ ಕೂಡಿಹಾಕುವ ತನಕ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ನಾಡು ಅವರದಾಗಿತ್ತು. "ನನ್ನ ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಅಳಿದುಹೋದೆವು ಅಂತ ಇತ್ತು," ಎಂದಳು, ಪಾತ್ರೆ ಕಲಕುತ್ತಾ. "ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ಹಾಗೇ ಬರೆದೆ. ಸರಿ ಅಂತ ಗುರುತು ಹಾಕಿದರು."

ಓಕ್ ಕಾಯಿ ಹಾಗೇ ತಿಂದರೆ ನಾಲಿಗೆ ಒಗರಿನಿಂದ ಸೇದಿಹೋಗುತ್ತದೆ. ವರ್ಷವಿಡೀ ಒಣಗಿಸಿ, ಕುಟ್ಟಿ, ಹಿಟ್ಟಿಗೆ ಮತ್ತೆ ಮತ್ತೆ ನೀರು ಹಾಯಿಸಬೇಕು. ನಾವು ಬಿದಿರಿನ ಕಣಿಲೆಯನ್ನು ನೀರಲ್ಲಿ ಹಾಕಿ ನೀರು ಬದಲಿಸುತ್ತೇವಲ್ಲ, ಹಾಗೆ. ಹಿಂದೆ ತೊರೆಯ ಮರಳಿನಲ್ಲಿ ಮಾಡುತ್ತಿದ್ದದ್ದನ್ನು ರೋಸ ಈಗ ಬಟ್ಟೆ ಕಟ್ಟಿ ನಲ್ಲಿಯ ಕೆಳಗೆ ಮಾಡುತ್ತಾಳೆ. ಕಳೆದ ವರ್ಷದ ಹಿಟ್ಟು ಉಳಿದಿತ್ತು, ಗಂಜಿ ಮಾಡಿ ಕೊಟ್ಟಳು. ಬೆಲ್ಲ ಹಾಕಲು ಮರೆತ ರಾಗಿ ಮಣ್ಣಿಯ ರುಚಿ. ಶಶಿ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ತಿಂದಳು.

"ಹಿಟ್ಟಿಗೆ ಈಗ ಮಿಕ್ಸಿ ಉಂಟಲ್ಲ?" ಎಂದು ಕೇಳಿದೆ. ಕೇಳಬಾರದಿತ್ತೋ ಏನೋ.

"ಮಿಕ್ಸಿಯಲ್ಲೂ ಮಾಡ್ತೇನೆ," ಎಂದಳು. "ಆದರೆ ಆ ಕಲ್ಲಿನಲ್ಲಿ ನನ್ನ ಅಮ್ಮ ಕುಟ್ಟಿದ್ದು, ಅಜ್ಜಿ ಕುಟ್ಟಿದ್ದು. ಬೇರೆ ಕಲ್ಲುಗಳೂ ಇದ್ದವು. ಒಂದು ಅಣೆಕಟ್ಟಿನ ನೀರೊಳಗೆ ಹೋಯಿತು. ಇನ್ನೊಂದರ ಮೇಲೆ ಗಾಲ್ಫ್ ಆಡ್ತಾರೆ. ಉಳಿದದ್ದು ಇದು. ಈ ವರ್ಷ ಮೊಮ್ಮಗಳಿಗೆ ಕುಟ್ಟಲು ಕಲಿಸಬೇಕು ಅಂತಿದ್ದೆ."

"ಆ ಗುಂಡಿ ಅಷ್ಟು ಆಳ ಆಗಲು ಎಷ್ಟು ಕಾಲ ಬೇಕು?"

"ನಾನು ಇಷ್ಟು ವರ್ಷ ಕುಟ್ಟಿದ್ದಕ್ಕೆ ಉಗುರಿನ ದಪ್ಪದಷ್ಟೂ ಇಳಿದಿಲ್ಲ." ತೋರುಬೆರಳಿನಿಂದ ತನ್ನ ಮೊಣಕೈ ಮುಟ್ಟಿ ತೋರಿಸಿದಳು. "ಗುಂಡಿ ಇಷ್ಟು ಆಳ ಇದೆ. ನೀನೇ ಲೆಕ್ಕ ಹಾಕು."

ಬ್ಯಾಂಕಿನಲ್ಲಿ ದುಡಿದವಳಿಗೂ ಆ ಲೆಕ್ಕ ಹತ್ತಲಿಲ್ಲ.

ಕಲ್ಲು ತೊಳೆಯುವ ಕ್ರಮ ಕೇಳಿದೆವು. ಸೋಪು ಬೇಡ, ಬಿಸಿನೀರು ಮತ್ತು ತೊರೆಯ ಮರಳು ಸಾಕು ಎಂದಳು. ಆ ವಾರವೆಲ್ಲ ನಾನೂ ಶಶಿಯೂ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಕೆಟುಗಟ್ಟಲೆ ಬಿಸಿನೀರು ಹೊತ್ತೆವು. ಹಾಲು ಹೋಯಿತು, ವಾಸನೆ ಹೋಯಿತು. ಅರಿಶಿನ ಮಾತ್ರ ಅಂಚಿನಲ್ಲಿ ತೆಳ್ಳಗೆ ಉಳಿಯಿತು. ರಘು ಮಹಡಿಯ ಕಿಟಕಿಯಿಂದ ನೋಡುತ್ತಿದ್ದ.

ಮತ್ತೆ ಬನದಲ್ಲಿ

ಶನಿವಾರ ರೋಸ ಒಬ್ಬಳೇ ಬಂದಳು. ಒಡೆಯುವ ಕಲ್ಲಿನ ಮುಂದೆ ಮೊಮ್ಮಗಳಿಗೆ ಏನು ಕಲಿಸುವುದು ಎಂದು ಕರೆತರಲಿಲ್ಲವಂತೆ. ಮಂಜು ಮರಗಳಿಂದ ಹನಿಯುತ್ತಿತ್ತು. ಕಲ್ಲಿನ ಪಕ್ಕದ ಜರಿಗಿಡಗಳ ಬುಡಕ್ಕೆ ಕೈ ಹಾಕಿ ಉದ್ದನೆಯ ಒಂದು ಗುಂಡುಕಲ್ಲು ಹೊರತೆಗೆದಳು. ಅಜ್ಜಿಯ ಕಾಲದಿಂದಲೂ ಅದು ಅಲ್ಲೇ ಇರುವುದಂತೆ. ಅಂಚಿನ ಹಳದಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಇರಲಿ ಎಂಬಂತೆ ತಲೆಯಾಡಿಸಿ, ಕಾಲು ಚಾಚಿ ಕೂತು ಕುಟ್ಟತೊಡಗಿದಳು. ಆ ಸದ್ದು ನನಗೆ ಗೊತ್ತಿದ್ದ ಸದ್ದು. ಕಣ್ಣು ಮುಚ್ಚಿದರೆ ನಮ್ಮ ಹಿತ್ತಿಲು.

ರಘು ಕಾಫಿ ಲೋಟ ಹಿಡಿದುಕೊಂಡು ಇಳಿದು ಬಂದ. ಎಷ್ಟೆಂದು ಕಿಟಕಿಯಲ್ಲೇ ನಿಲ್ಲುವುದು.

"ಹಾಲು ಯಾರಿಗೆ ಅಂತ ನೀವು ಹೇಳಲೇ ಇಲ್ಲ," ಎಂದಳು ರೋಸ ನನಗೆ, ಕೈ ನಿಲ್ಲಿಸದೆ.

ಹಾವಿಗೆ ಎಂದೆ. ನಮ್ಮ ಕಡೆ ಪ್ರತಿ ಮನೆತನಕ್ಕೂ ಹೀಗೊಂದು ಕಲ್ಲು, ಒಂದು ಬನ ಉಂಟು ಎಂದೆ.

"ನಿಮ್ಮ ಸ್ವಂತ ಜಾಗದಲ್ಲಾ?"

"ಎಲ್ಲರದ್ದೂ ಅಲ್ಲ. ಇವನದು..." ಎಂದು ರಘುವಿನ ಕಡೆ ನೋಡಿದೆ. ನಾನು ಬೇಕೆಂದೇ ನೋಡಿದೆ, ಸುಳ್ಳು ಯಾಕೆ ಹೇಳಲಿ.

ರಘು ಲೋಟದೊಳಗೆ ನೋಡಿದ. "ನಮ್ಮದು ಬೇರೆಯವರ ಜಾಗದಲ್ಲಿದೆ," ಎಂದ.

"ಅವರು ಬಿಡ್ತಾರಾ?"

"ಮೊದಲಿದ್ದವರು ಬಿಡ್ತಿದ್ರು. ಒಬ್ಬಳು ಮುದುಕಿ. ನೀರು ಸೇದಿ ಇಡ್ತಿದ್ಲು." ಲೋಟವನ್ನು ಕಲ್ಲಿನ ಮೇಲೆ ಇಟ್ಟ. "ಈಗಿನವನು ಗೇಟಲ್ಲಿ ನಿಲ್ಲಿಸಿ ಹೆಸರು ಬರೆಸ್ತಾನೆ."

"ಬರೆಸಿಕೊಂಡು ಒಳಗೆ ಬಿಡ್ತಾನಲ್ಲ," ಎಂದಳು ರೋಸ. ಕುಹಕ ಇರಲಿಲ್ಲ ಅದರಲ್ಲಿ. ನಿಮ್ಮ ಪುಣ್ಯ ಎಂಬ ಹಾಗೆ ಹೇಳಿ ಮತ್ತೆ ಕುಟ್ಟಿದಳು.

ರಘು ಪಕ್ಕದ ಗುಂಡಿಯ ಬಳಿ ಕುಕ್ಕರಗಾಲಲ್ಲಿ ಕೂತು ಒಳಗೆ ಕೈ ಇಳಿಸಿದ. ಮೊಣಕೈ ತನಕ ಇಳಿಯಿತು. ಒಳಗೆ ಕೈಯಾಡಿಸುತ್ತಾ ತುಂಬ ಹೊತ್ತು ಹಾಗೇ ಕೂತಿದ್ದ. ಅವನ ಕಾಫಿ ಕಲ್ಲಿನ ಮೇಲೆ ಆರಿತು.

ಹಿಟ್ಟೆಲ್ಲ ಬುಟ್ಟಿಗೆ ತುಂಬಿದ ಮೇಲೆ ರೋಸ ಕಲ್ಲನ್ನು ಅಂಗೈಯಿಂದ ಒರೆಸಿದಳು. ಆಮೇಲೆ ಆ ಗುಂಡುಕಲ್ಲನ್ನು ಜರಿಗಿಡದ ಬುಡಕ್ಕೆ ಇಡಲಿಲ್ಲ. ಎದೆಗೆ ಅಪ್ಪಿಕೊಂಡು ಎತ್ತಿದಳು. ಭಾರಕ್ಕೆ ಅವಳ ಬೆನ್ನು ಬಾಗಿತು. ಸೋಮವಾರ ಯಂತ್ರ ಬರುವುದಿತ್ತಲ್ಲ. ಇಳಿಜಾರು ಹತ್ತುತ್ತಾ ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಶಶಿ ನನ್ನ ಕೈ ಹಿಡಿದುಕೊಂಡಳು. ಗುಳ್ಳೆ ಒಣಗಿದ ಜಾಗ ಉರಿಯಿತು.

"ಅದನ್ನು ಇಲ್ಲೇ ಬಿಡಿ," ಎಂದ ರಘು.

ರೋಸ ತಿರುಗಿದಳು. ಅವನ ಇಂಗ್ಲಿಷು ಯಾವಾಗಲೂ ಚುರುಕು. ಆಗ ಮಾತ್ರ ತಡವರಿಸಿತು.

"ಮುಂದಿನ ವರ್ಷವೂ ಬನ್ನಿ," ಎಂದ. "ನಾಯಿ ಕಟ್ಟಿರ್ತೇನೆ."

ನನ್ನ ಕೌಂಟರಿನ ಹಿಂದಿನ ಮುಖವೆಲ್ಲ ಎಲ್ಲಿಗೋ ಹೋಗಿತ್ತು.

ರೋಸ ಮನೆಯ ಕಡೆ ನೋಡಿದಳು, ಅಂಗಳದ ಕಡೆ ನೋಡಿದಳು. "ನಿಮ್ಮಲ್ಲಿ ನಾಯಿ ಇದೆಯಾ? ನಾನು ನೋಡಲೇ ಇಲ್ಲ."

"ಇಲ್ಲ," ಎಂದ ರಘು.

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಿಧಾನಕ್ಕೆ ಇಳಿದು ಬಂದು, ಬಗ್ಗಿ, ಗುಂಡುಕಲ್ಲನ್ನು ಜರಿಗಿಡಗಳ ಬುಡದಲ್ಲಿ ಮೊದಲಿದ್ದ ಕಡೆಯೇ ಇಟ್ಟಳು.